ಟ್ಯಾಬ್ ಚಾರ್ಜ್ ಆಗುತ್ತಿಲ್ಲ, ಬ್ಯಾಟರಿಯಲ್ಲಿ ನಿಲ್ಲುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಟ್ಯಾಬ್ ಕೈಕೊಟ್ಟಾಗ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು "ಬ್ಯಾಟರಿ ಹೋಯ್ತು" ಎಂಬ ಮಾತು. ಹೋಗಿರಲೂಬಹುದು. ಆದರೆ ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಯವರೆಗೆ ಕರೆಂಟು ಬರುವ ದಾರಿಯಲ್ಲಿ ಅಡಾಪ್ಟರ್ ಇದೆ, ಕೇಬಲ್ ಇದೆ, ಟ್ಯಾಬಿನ ಪೋರ್ಟ್ ಇದೆ, ಒಳಗೆ ಚಾರ್ಜಿಂಗ್ ಐಸಿ (ಬ್ಯಾಟರಿಗೆ ಎಷ್ಟು ಕರೆಂಟು ಬಿಡಬೇಕೆಂದು ನಿಯಂತ್ರಿಸುವ ಚಿಪ್), ಬ್ಯಾಟರಿ ಕನೆಕ್ಟರ್, ಬ್ಯಾಟರಿಗೇ ಅಂಟಿಕೊಂಡ ಪುಟ್ಟ ರಕ್ಷಣಾ ಬೋರ್ಡ್ ಇವೆ. ಇವುಗಳಲ್ಲಿ ಯಾವುದು ಕೆಟ್ಟರೂ ಕೊನೆಗೆ ಕಣ್ಣಿಗೆ ಬೀಳುವುದು ಅದೇ ಕಪ್ಪು ಪರದೆ. ಈ ಸಾಲಿನಲ್ಲಿ ಬದಲಿಸಲು ಅತಿ ಸುಲಭವಾದದ್ದು ಕೇಬಲ್. ಅತಿ ಕಷ್ಟದ್ದು, ಅಪಾಯದ್ದು ಬ್ಯಾಟರಿ. ಆದ್ದರಿಂದ ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಬೇಕು.

ಪರದೆಯ ಮೇಲೆ ಮೂಡುವ ಮಿಂಚಿನ ಗುರುತನ್ನು ಅಷ್ಟಾಗಿ ನಂಬಬೇಡಿ. ಪೋರ್ಟಿಗೆ ವೋಲ್ಟೇಜ್ ಬಂದಿದೆ ಎಂದಷ್ಟೇ ಅದರ ಅರ್ಥ. ಎಷ್ಟು ಆಂಪಿಯರ್ ಒಳಗಿಳಿಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ನಿಮಗೆ ಬೇಕಾದ ಉತ್ತರ ಇರುವುದು ಆ ಆಂಪಿಯರ್ ಲೆಕ್ಕದಲ್ಲೇ.

ಏನನ್ನೂ ಚುಚ್ಚುವ ಮೊದಲು ಹಿಂಬದಿ ನೋಡಿ

ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಬೆನ್ನು ಕೆಳಗಾಗಿ ಇಡಿ. ಒಂದು ಮೂಲೆ ಒತ್ತಿದರೆ ತೊಟ್ಟಿಲಿನ ಹಾಗೆ ತೂಗುತ್ತಿದೆಯೇ? ಪರದೆಯ ಅಂಚು ಚೌಕಟ್ಟಿನಿಂದ ಎದ್ದು ಸಂದಿ ಕಾಣುತ್ತಿದೆಯೇ? ಪರದೆಯ ನಡುವೆ ಯಾರೂ ಮುಟ್ಟದಿದ್ದರೂ ಬೆರಳು ಒತ್ತಿದಂಥ ಬಿಳಿಚು ಕಲೆ ಮೂಡಿದೆಯೇ? ಇವೆಲ್ಲ ಬ್ಯಾಟರಿ ಉಬ್ಬಿರುವ ಲಕ್ಷಣಗಳು. ಒಳಗಿನ ದ್ರಾವಣ ಕೊಳೆತು ಅನಿಲ ತುಂಬಿಕೊಂಡಾಗ ಅಲ್ಯೂಮಿನಿಯಂ ಹಾಳೆಯ ಚೀಲ ದಿಂಬಿನಂತಾಗುತ್ತದೆ.

ಹಾಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ನಿಮಗಲ್ಲ. ಚಾರ್ಜಿಗೆ ಹಾಕಬೇಡಿ, ಪರದೆಯನ್ನು ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಿ ಗಾಳಿ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ. ಸ್ವಿಚ್ ಆಫ್ ಮಾಡಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲಿಟ್ಟು ರಿಪೇರಿಯವರಿಗೆ ಇಲ್ಲವೇ ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿ. ದಿನವಿಡೀ ಚಾರ್ಜರ್‌ಗೇ ಅಂಟಿಕೊಂಡಿರುವ ಟ್ಯಾಬ್‌ಗಳಲ್ಲಿ, ಅಂದರೆ ಗೋಡೆಗೆ ಹಾಕಿದವು, ಕೌಂಟರ್ ಮೇಲೆ ನಿಲ್ಲಿಸಿದವುಗಳಲ್ಲಿ ಈ ಉಬ್ಬು ಹೆಚ್ಚು. ನೂರಕ್ಕೆ ನೂರು ತುಂಬಿದ ಸ್ಥಿತಿಯಲ್ಲಿ ಬಿಸಿಯೂ ಸೇರಿದರೆ ಲಿಥಿಯಂ ಸೆಲ್ ಬೇಗ ಹಾಳಾಗುತ್ತದೆ.

ಚಾರ್ಜರ್ ತೆಗೆದ ಕೂಡಲೇ ಏನಾಗುತ್ತದೆ?

ರಿಪೇರಿಗೆ ಬಂದ ಯಾವ ಟ್ಯಾಬಿನ ಬಗ್ಗೆಯೂ ನಾನು ಮೊದಲು ಕೇಳುವುದು ಇದನ್ನೇ. ಇದಕ್ಕೆ ಸಿಗುವ ಉತ್ತರ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಚಾರ್ಜರ್ ಹಾಕಿದರೂ ತೆಗೆದರೂ ಏನೂ ಕಾಣುವುದಿಲ್ಲ ಎಂದರೆ ದೋಷ ಎಲ್ಲಿಯೂ ಇರಬಹುದು, ಅಡಾಪ್ಟರಿನಿಂದ ಶುರುಮಾಡಬೇಕು. ಚಾರ್ಜಿಂಗ್ ಗುರುತು ಬರುತ್ತದೆ, ಆದರೆ ಶೇಕಡಾ ಏರುವುದಿಲ್ಲ ಅಥವಾ ಬಳಸುತ್ತಿದ್ದಂತೆ ಇಳಿಯುತ್ತದೆ ಎಂದರೆ ಬಹುಮಟ್ಟಿಗೆ ಕರೆಂಟು ಸಾಲುತ್ತಿಲ್ಲ. ಕೇಬಲ್, ಅಡಾಪ್ಟರ್, ಪೋರ್ಟ್ ಈ ಮೂರರ ಮೇಲೆ ಅನುಮಾನ. ಚಾರ್ಜರ್ ಹಾಕಿದಾಗ ಚೆನ್ನಾಗಿ ಓಡುತ್ತದೆ, ಎಳೆದ ಕ್ಷಣವೇ ಆಫ್ ಆಗುತ್ತದೆ ಎಂದರೆ ಪೋರ್ಟಿನವರೆಗೂ ಎಲ್ಲ ಸರಿಯಿದೆ ಎಂದಾಯಿತು. ಆಗ ಮಾತ್ರ ಬ್ಯಾಟರಿಯನ್ನು, ಅದರ ಕನೆಕ್ಟರನ್ನು ದೂರಬಹುದು.

ಮೂರನೆಯ ಬಗೆಯದಾಗಿದ್ದರೆ ನೇರ ಕೆಳಗಿನ "ಚಾರ್ಜರ್ ಎಳೆದರೆ ಆಫ್" ಎಂಬ ಭಾಗಕ್ಕೆ ಹೋಗಿ. ಉಳಿದವರು ಓದುತ್ತಾ ಬನ್ನಿ.

ಸತ್ತಿದೆಯೋ, ಮಲಗಿದೆಯೋ

ಕೆಲವೊಮ್ಮೆ ಟ್ಯಾಬ್ ಆನ್ ಆಗಿಯೇ ಇರುತ್ತದೆ, ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡು ಪರದೆ ಕಪ್ಪಾಗಿರುತ್ತದೆ. ಚಾರ್ಜರ್ ಹಾಕಿದರೂ ಸದ್ದಿಲ್ಲ, ಬೆಳಕಿಲ್ಲ. ಇಂಥದ್ದಕ್ಕೆ ಮದ್ದು ಬಲವಂತದ ರೀಸ್ಟಾರ್ಟ್. ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಪವರ್ ಬಟನ್ ಜೊತೆಗೆ ವಾಲ್ಯೂಮ್ ಇಳಿಸುವ ಬಟನ್ನನ್ನು 10–20 ಸೆಕೆಂಡು ಒತ್ತಿ ಹಿಡಿಯಬೇಕು. ಹೋಮ್ ಬಟನ್ ಇರುವ ಐಪ್ಯಾಡ್‌ನಲ್ಲಿ ಹೋಮ್ ಮತ್ತು ಮೇಲಿನ ಬಟನ್ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಹೋಮ್ ಬಟನ್ ಇಲ್ಲದ್ದರಲ್ಲಿ ಮೇಲಿನ ಬಟನ್ನಿಗೆ ಹತ್ತಿರದ ವಾಲ್ಯೂಮ್ ಬಟನ್ ಒಮ್ಮೆ ಒತ್ತಿ ಬಿಟ್ಟು, ಇನ್ನೊಂದು ವಾಲ್ಯೂಮ್ ಬಟನ್ ಒತ್ತಿ ಬಿಟ್ಟು, ಆಮೇಲೆ ಲೋಗೋ ಬರುವ ತನಕ ಮೇಲಿನ ಬಟನ್ ಹಿಡಿದಿರಬೇಕು. ಡೇಟಾ ಏನೂ ಅಳಿಯುವುದಿಲ್ಲ, ಹೆದರಬೇಕಿಲ್ಲ.

ಪರದೆಯೇ ಕೆಟ್ಟಿರುವ ಸಾಧ್ಯತೆಯೂ ಇದೆ. ಕತ್ತಲ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಎಲ್‌ಸಿಡಿ ಪರದೆಯಾಗಿದ್ದು, ಮಸುಕಾಗಿ ಗಡಿಯಾರವೋ ಐಕಾನುಗಳೋ ಕಂಡರೆ ಕೆಟ್ಟಿರುವುದು ಬ್ಯಾಕ್‌ಲೈಟ್, ಚಾರ್ಜಿಂಗ್ ಅಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಹೊಸ ಸಾಧನ ಬಂದಿತೆಂದು ಅದು ಸದ್ದು ಮಾಡಿದರೂ ಟ್ಯಾಬ್ ಬದುಕಿದೆ ಎಂದೇ ಅರ್ಥ.

ಪೂರ್ತಿ ಬರಿದಾದ ಬ್ಯಾಟರಿಗೆ ತಾಳ್ಮೆ ಬೇಕು

ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದ ಟ್ಯಾಬನ್ನು ತೆಗೆದು ಚಾರ್ಜಿಗೆ ಹಾಕುತ್ತಾರೆ, ಐದು ನಿಮಿಷ ಕಾಯುತ್ತಾರೆ, "ಸತ್ತಿದೆ" ಎಂದು ತೀರ್ಪು ಕೊಡುತ್ತಾರೆ. ಈ ತೀರ್ಪು ಅವಸರದ್ದು.

ಲಿಥಿಯಂ ಸೆಲ್ ಒಂದು ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಹೊಸ ಬಗೆಯ ಕೆಲವು ಸೆಲ್‌ಗಳಲ್ಲಿ 4.35ರಿಂದ 4.4 ವೋಲ್ಟ್. ಟ್ಯಾಬ್ "0%" ಎಂದು ಆಫ್ ಆಗುವುದು 3 ವೋಲ್ಟಿನಿಂದ 3.4 ವೋಲ್ಟಿನ ನಡುವೆ ಎಲ್ಲೋ ಒಂದು ಕಡೆ. ಆಫ್ ಆದ ಮೇಲೂ ಒಳಗೆ ಗಡಿಯಾರ, ಪವರ್ ಬಟನ್ ಕಾಯುವ ಸರ್ಕ್ಯೂಟ್ ಅಲ್ಪಸ್ವಲ್ಪ ಹೀರುತ್ತಲೇ ಇರುತ್ತವೆ. ಸೆಲ್ ತಾನೂ ತುಸು ಸೋರುತ್ತದೆ. ಇಳಿಯುತ್ತಾ 2.5 ವೋಲ್ಟ್ ಆಸುಪಾಸಿಗೆ ಬಂದಾಗ ರಕ್ಷಣಾ ಬೋರ್ಡ್ ಬ್ಯಾಟರಿಯ ಸಂಪರ್ಕವನ್ನೇ ಕಡಿಯುತ್ತದೆ.

ಇಂಥ ಬ್ಯಾಟರಿಗೆ ಚಾರ್ಜಿಂಗ್ ಐಸಿ ಒಮ್ಮೆಗೇ ಪೂರ್ಣ ಕರೆಂಟು ಬಿಡುವುದಿಲ್ಲ, ಬಿಡಲೂಬಾರದು. ಮಾಮೂಲಿನ ಹತ್ತನೇ ಒಂದು ಭಾಗದಷ್ಟು ಕರೆಂಟನ್ನು ಹನಿಹನಿಯಾಗಿ ಕೊಟ್ಟು, ವೋಲ್ಟೇಜ್ 3ರ ಸುತ್ತ ಬಂದ ಮೇಲಷ್ಟೇ ವೇಗ ಹೆಚ್ಚಿಸುತ್ತದೆ. ಅಲ್ಲಿಯವರೆಗೆ ಪರದೆ ಬೆಳಗಿಸುವಷ್ಟು ಶಕ್ತಿಯೂ ಇರದ ಕಾರಣ ಟ್ಯಾಬ್ ಕಲ್ಲಿನಂತೆ ಬಿದ್ದಿರುತ್ತದೆ. ಒಳ್ಳೆಯ ಅಡಾಪ್ಟರ್ ಹಾಕಿ ಒಂದು ಗಂಟೆ ಮುಟ್ಟದೆ ಬಿಡಿ. ತುಂಬಾ ದಿನ ಬಿದ್ದಿದ್ದರೆ ಒಂದು ರಾತ್ರಿಯವರೆಗೂ ಅವಕಾಶ ಕೊಡಬಹುದು, ಆದರೆ ಅದು ಕಣ್ಣಿಗೆ ಬೀಳುವ ಜಾಗದಲ್ಲಿರಲಿ, ಹಾಸಿಗೆಯ ಮೇಲಲ್ಲ. ನಡುನಡುವೆ ಪವರ್ ಬಟನ್ ಒತ್ತಿ ನೋಡುವ ಚಪಲ ಬೇಡ. ಸಂಗ್ರಹವಾದ ಚೂರುಪಾರು ಶಕ್ತಿಯನ್ನು ಆ ಲೋಗೋ ಒಂದೇ ನುಂಗಿಹಾಕುತ್ತದೆ.

ಈ ಕೆಲಸಕ್ಕೆ ಪವರ್ ಬ್ಯಾಂಕ್ ಬಳಸಬೇಡಿ. ಕರೆಂಟು ತೀರಾ ಕಡಿಮೆ ಹರಿದರೆ ಬಳಕೆದಾರ ತೆಗೆದಿದ್ದಾನೆಂದು ತಿಳಿದು ಅನೇಕ ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಹನಿಹನಿ ಚಾರ್ಜ್ ಅಲ್ಲಿಗೇ ನಿಂತುಹೋಗುತ್ತದೆ, ನೀವು ಮಾತ್ರ ರಾತ್ರಿಯಿಡೀ ಚಾರ್ಜ್ ಆಯಿತು ಎಂದುಕೊಂಡಿರುತ್ತೀರಿ.

ಅಡಾಪ್ಟರ್, ಕೇಬಲ್

ಹೊಸ ಬ್ಯಾಟರಿ ಕೊಳ್ಳುವ ಮುನ್ನ ಕೊಳ್ಳಬೇಕಾದ ಒಂದು ಸಾಮಾನಿದೆ: ಯುಎಸ್‌ಬಿ ಮೀಟರ್. ಹೆಬ್ಬೆರಳಿನ ಗಾತ್ರದ್ದು, ಅಡಾಪ್ಟರ್ ಮತ್ತು ಕೇಬಲ್ ನಡುವೆ ಸಿಕ್ಕಿಸಿದರೆ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂದು ತೋರಿಸುತ್ತದೆ. ಟ್ಯಾಬಿನ ಪರದೆ ಸುಳ್ಳು ಹೇಳಬಹುದು, ಇದು ಹೇಳುವುದಿಲ್ಲ.

5 ವೋಲ್ಟಿನ ಸಾದಾ ಅಡಾಪ್ಟರ್ ಹಾಕಿ ಓದಿ ನೋಡೋಣ. ಮೀಟರ್‌ನಲ್ಲಿ 5.1 ವೋಲ್ಟ್, 0.00 ಆಂಪಿಯರ್ ಬಂದು ಅಲ್ಲೇ ನಿಂತರೆ ಟ್ಯಾಬ್ ಏನನ್ನೂ ಎಳೆಯುತ್ತಿಲ್ಲ: ಕೇಬಲ್ ಒಳಗೆ ತುಂಡಾಗಿದೆ, ಪೋರ್ಟ್ ಕೆಟ್ಟಿದೆ, ಇಲ್ಲವೇ ಐಸಿ ಒಲ್ಲೆ ಎನ್ನುತ್ತಿದೆ. 0.05ರಿಂದ 0.2 ಆಂಪಿಯರ್ ನಡುವೆ ಇದ್ದರೆ ಮೇಲೆ ಹೇಳಿದ ಹನಿಹನಿ ಹಂತ ಆಗಿರಬಹುದು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಸಂಖ್ಯೆ ಏರಿದ್ದರೆ ಬ್ಯಾಟರಿಗೆ ಜೀವವಿದೆ. ಸರಿಯಾಗಿ 0.5ಕ್ಕೆ ಅಂಟಿಕೊಂಡಿದ್ದರೆ ಟ್ಯಾಬ್ ತನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದಾರೆಂದು ಭಾವಿಸಿದೆ, ಯುಎಸ್‌ಬಿ 2.0 ಪೋರ್ಟಿನಿಂದ ಎಳೆಯಲು ಅನುಮತಿ ಇರುವುದೇ 500 ಮಿಲಿಆಂಪಿಯರ್. 1.5ರಿಂದ 2.4ರವರೆಗೆ ಬಂದರೆ ಆರೋಗ್ಯವಾಗಿದೆ. ಎರಡು ಸೆಕೆಂಡಿಗೊಮ್ಮೆ ಏರಿ ಇಳಿದು ಕುಣಿಯುತ್ತಿದ್ದರೆ ಲೂಸ್ ಕನೆಕ್ಷನ್, ಅಥವಾ ಹೊರೆ ತಾಳಲಾರದೆ ಅಡಾಪ್ಟರ್ ಪದೇಪದೇ ಕೈಚೆಲ್ಲುತ್ತಿದೆ. ಇಲ್ಲೊಂದು ಎಚ್ಚರ: ಬ್ಯಾಟರಿ 80 ಶೇಕಡಾ ದಾಟಿದ ಮೇಲೆ ಕರೆಂಟು ತಾನಾಗಿ ಇಳಿಯುತ್ತಾ ಹೋಗುವುದು ಸಹಜ. ಪರೀಕ್ಷೆಯನ್ನು ಅರ್ಧಕ್ಕಿಂತ ಕಡಿಮೆ ಚಾರ್ಜ್ ಇರುವಾಗಲೇ ಮಾಡಬೇಕು.

ಅರ್ಧ ಆಂಪಿಯರ್ ಯಾಕೆ ಸಾಲದು? ಹತ್ತು ಇಂಚಿನ ಟ್ಯಾಬಿನಲ್ಲಿ 7,000 ಎಂಎಎಚ್ ಬ್ಯಾಟರಿ ಸಾಮಾನ್ಯ, ಅಂದರೆ ಸುಮಾರು 27 ವ್ಯಾಟ್-ಅವರ್. 5 ವೋಲ್ಟ್, 0.5 ಆಂಪಿಯರ್ ಎಂದರೆ ಎರಡೂವರೆ ವ್ಯಾಟ್. ನಷ್ಟ ಏನೂ ಇಲ್ಲದಿದ್ದರೂ 11 ಗಂಟೆ ಬೇಕು. ಪರದೆ ಬೆಳಗಿಸಿ ವಿಡಿಯೋ ನೋಡುತ್ತಿದ್ದರೆ ಟ್ಯಾಬ್ ತಿನ್ನುವುದೇ ಅದಕ್ಕಿಂತ ಹೆಚ್ಚು. ಚಾರ್ಜಿಂಗ್ ಎಂದು ತೋರಿಸುತ್ತಲೇ ಶೇಕಡಾ ಇಳಿಯುತ್ತದೆ. ಹಳೆಯ ಫೋನಿನ ಪುಟ್ಟ ಚಾರ್ಜರ್ ಟ್ಯಾಬಿಗೆ ಹಾಕಿದಾಗಲೂ ಇದೇ ಕತೆ. ಹಳೆಯ ಐಪ್ಯಾಡ್‌ಗಳು ಈ ವಿಷಯದಲ್ಲಿ ಪ್ರಾಮಾಣಿಕ: ಬಡಕಲು ಪೋರ್ಟಿಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತಿಲ್ಲವೆಂದು ಬರೆದೇ ತೋರಿಸುತ್ತಿದ್ದವು.

ಕೇಬಲ್ ವಿಷಯಕ್ಕೆ ಬರೋಣ. ಎಲ್ಲರೂ ಅಡಾಪ್ಟರನ್ನು ಅನುಮಾನಿಸುತ್ತಾರೆ, ನನ್ನ ಅನುಮಾನ ಮೊದಲು ಹೋಗುವುದು ಕೇಬಲ್ ಮೇಲೆ. ತಾಮ್ರದ ತಂತಿ ತೆಳುವಾದಷ್ಟೂ ಅದರಲ್ಲೇ ವೋಲ್ಟೇಜ್ ಕರಗುತ್ತದೆ. ತಂತಿಯ ದಪ್ಪವನ್ನು ಗೇಜ್ ಸಂಖ್ಯೆಯಲ್ಲಿ ಹೇಳುತ್ತಾರೆ. 28 ಗೇಜ್ ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 0.21 ಓಮ್. ಒಂದು ಮೀಟರ್ ಕೇಬಲ್‌ನಲ್ಲಿ ಹೋಗುವ ತಂತಿ, ಬರುವ ತಂತಿ ಸೇರಿ 0.42 ಓಮ್. ಎರಡು ಆಂಪಿಯರ್ ಹರಿಸಿದರೆ 0.85 ವೋಲ್ಟ್ ಕೇಬಲ್‌ನಲ್ಲೇ ಖರ್ಚು. ಅಡಾಪ್ಟರ್ ಹತ್ತಿರ 5 ಇದ್ದದ್ದು ಟ್ಯಾಬ್ ತಲುಪುವಾಗ 4.15. ಅಷ್ಟು ಇಳಿಯಲು ಚಾರ್ಜಿಂಗ್ ಐಸಿ ಬಿಡುವುದಿಲ್ಲ, ಸುಮಾರು ನಾಲ್ಕೂವರೆ ವೋಲ್ಟಿಗೆ ಬಂದ ಕೂಡಲೇ ತಾನೇ ಕರೆಂಟು ತಗ್ಗಿಸುತ್ತದೆ. ಹಾಗಾಗಿ ಚಾರ್ಜ್ ನಿಧಾನ. ಅದೇ 24 ಗೇಜ್ ತಂತಿಯಾಗಿದ್ದರೆ ನಷ್ಟ 0.34 ವೋಲ್ಟ್ ಅಷ್ಟೇ. ಕೆಲವು ಕೇಬಲ್‌ಗಳ ಮೈಮೇಲೆ ಈ ಸಂಖ್ಯೆ ಅಚ್ಚಾಗಿರುತ್ತದೆ; ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. ಮೀಟರ್ ಇಲ್ಲದವರು ಇಷ್ಟು ನೆನಪಿಟ್ಟರೆ ಸಾಕು: ಪರೀಕ್ಷೆಗೆ ಗಿಡ್ಡ, ದಪ್ಪ ಕೇಬಲ್ ಬಳಸಿ.

ಟೈಪ್-ಸಿ ಟ್ಯಾಬ್‌ಗಳಲ್ಲಿ ಒಂದು ವಿಚಿತ್ರ ದೋಷ ಕಾಣಸಿಗುತ್ತದೆ. ಹೊಸ ಅಡಾಪ್ಟರ್, ಎರಡೂ ತುದಿ ಟೈಪ್-ಸಿ ಇರುವ ಹೊಸ ಕೇಬಲ್. ಆದರೂ ಚಾರ್ಜ್ ಶೂನ್ಯ. ಅದೇ ಟ್ಯಾಬ್, ಅಡಾಪ್ಟರ್ ಕಡೆಗೆ ಹಳೆಯ ಆಯತಾಕಾರದ ತುದಿ (ಟೈಪ್-ಎ) ಇರುವ ಕೇಬಲ್‌ನಲ್ಲಿ ಹಾಯಾಗಿ ಚಾರ್ಜ್ ಆಗುತ್ತದೆ. ಕಾರಣ ಇಷ್ಟು: ಎದುರಿಗೆ ನಿಜಕ್ಕೂ ಒಂದು ಸಾಧನ ಇದೆಯೆಂದು ಖಾತ್ರಿಯಾಗುವವರೆಗೆ ಟೈಪ್-ಸಿ ಅಡಾಪ್ಟರ್ ವೋಲ್ಟೇಜನ್ನೇ ಬಿಡುವುದಿಲ್ಲ. ಆ ಖಾತ್ರಿಗೆ ಟ್ಯಾಬಿನೊಳಗೆ 5.1 ಕಿಲೋಓಮ್‌ನ ಪುಟ್ಟ ರೆಸಿಸ್ಟರ್ ಇರಬೇಕು. ಅಗ್ಗದ ಕೆಲವು ಸಾಧನಗಳಲ್ಲಿ ತಯಾರಕರು ಅದನ್ನು ಹಾಕಿರುವುದೇ ಇಲ್ಲ. ಕೆಲವುದರಲ್ಲಿ ಆ ರೆಸಿಸ್ಟರಿಗೆ ಹೋಗುವ ಪಿನ್ ಕೊಳೆ ಹಿಡಿದೋ ಮುರಿದೋ ಕುರುಡಾಗಿರುತ್ತದೆ. ಹಳೆಯ ಬಗೆಯ ಅಡಾಪ್ಟರ್ ಮಾತ್ರ ಏನೂ ಕೇಳದೆ 5 ವೋಲ್ಟ್ ಬಿಟ್ಟುಕೊಂಡಿರುತ್ತದೆ. ಹೀಗಾಗಿ ಎರಡೂ ಬಗೆಯ ಕೇಬಲ್ ಹಾಕಿ ನೋಡುವುದು ಕಡ್ಡಾಯ ಎಂದುಕೊಳ್ಳಿ.

ಇದರ ಜೊತೆಗೇ ಮತ್ತೊಂದು ಪರೀಕ್ಷೆ: ಟೈಪ್-ಸಿ ಪಿನ್ನನ್ನು ತಿರುಗಿಸಿ ಹಾಕಿ. ಒಂದು ದಿಕ್ಕಿನಲ್ಲಿ ಚಾರ್ಜ್ ಆಗಿ, ಮಗುಚಿ ಹಾಕಿದರೆ ಆಗದಿದ್ದರೆ ಪೋರ್ಟಿನ ಒಂದು ಬದಿಯ ಪಿನ್ ಸಂಪರ್ಕ ಕಳೆದುಕೊಂಡಿದೆ. ಕೇಬಲ್‌ನ ಪಿನ್ನೂ ಹಾಳಾಗಿರಬಹುದು, ಆದ್ದರಿಂದ ಇನ್ನೊಂದು ಕೇಬಲ್‌ನಲ್ಲಿ ಇದೇ ಆಟ ಆಡಿ ನೋಡಿ. ಕೇಬಲ್ ಬದಲಾದರೂ ಲಕ್ಷಣ ಬದಲಾಗದಿದ್ದರೆ ತಪ್ಪು ಪೋರ್ಟಿನದೇ.

ಉರುಟು ಪಿನ್ನಿನ ಹಳೆಯ ಟ್ಯಾಬ್‌ಗಳಿಗೆ ಬೇರೆಯೇ ಎಚ್ಚರ ಬೇಕು. ಅವುಗಳಲ್ಲಿ 5, 9, 12 ವೋಲ್ಟಿನವೆಲ್ಲ ಇವೆ, ಪಿನ್ ಮಾತ್ರ ನೋಡಲು ಒಂದೇ ಥರ. ಟ್ಯಾಬಿನ ಮೈಮೇಲೆ ಬರೆದಿರುವ ವೋಲ್ಟ್, ಪ್ಲಸ್-ಮೈನಸ್ ಚಿತ್ರ ಎರಡೂ ಅಡಾಪ್ಟರಿನದಕ್ಕೆ ಹೊಂದದೆ ಸಿಕ್ಕಿಸಬೇಡಿ. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಟ್ಯಾಬ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಹೆಚ್ಚಾದರೆ ಬೋರ್ಡ್ ಸುಡುತ್ತದೆ.

ಪೋರ್ಟ್

ಕೇಬಲ್ ಪೂರ್ತಿ ಒಳಹೋಗದೆ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿದೆಯೇ, ಮೊದಲಿನಂತೆ "ಟಕ್" ಎಂದು ಕೂರುತ್ತಿಲ್ಲವೇ? ಹಾಗಾದರೆ ಒಳಗೆ ಬಟ್ಟೆಯ ನೂಲು, ಧೂಳು ಗಟ್ಟಿಯಾಗಿ ಕೂತಿದೆ. ಪ್ರತಿಸಲ ಪಿನ್ ಚುಚ್ಚುವಾಗಲೂ ಆ ಧೂಳು ಇನ್ನಷ್ಟು ಹಿಂದಕ್ಕೆ ಒತ್ತಿಕೊಂಡು ಕೊನೆಗೆ ಬೆಣೆಯಂತಾಗುತ್ತದೆ. ಟಾರ್ಚ್ ಹಿಡಿದು ನೋಡಿದರೆ ಪೋರ್ಟಿನ ತಳವೇ ಬೂದು ಬಣ್ಣದ್ದೇನೋ ಎನಿಸುತ್ತದೆ.

ಟ್ಯಾಬ್ ಸ್ವಿಚ್ ಆಫ್ ಮಾಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿ, ಗೋಡೆಗೆ ತಾಗಿಸಿಕೊಂಡು ಒಳಗಿಳಿಸಿ, ತಳದಿಂದ ಹೊರಕ್ಕೆ ಗೋರಿ. ಟೈಪ್-ಸಿಯಲ್ಲಿ ನಡುವೆ ತೆಳ್ಳನೆಯ ನಾಲಿಗೆ ಇದೆ, ಅದರ ಮೇಲೆ ಒತ್ತಡ ಬೀಳದಂತೆ ಮೇಲುಬದಿ, ಕೆಳಬದಿ ಬೇರೆಬೇರೆಯಾಗಿ ಕೆರೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡ. ನಾಲಿಗೆಯ ಮೇಲಿನ ಚಿನ್ನದ ಲೇಪ ಕಿತ್ತುಹೋದರೆ ಅಥವಾ ಎರಡು ಪಿನ್ ತಾಗಿ ಶಾರ್ಟ್ ಆದರೆ, ಇದ್ದ ಸಣ್ಣ ದೋಷ ದೊಡ್ಡದಾಗುತ್ತದೆ. ಬಾಯಿಂದ ಊದುವುದೂ ಒಳ್ಳೆಯದಲ್ಲ, ಉಸಿರಿನ ತೇವ ಒಳಗೇ ಕೂರುತ್ತದೆ. ಹೊರಬಂದ ನೂಲಿನ ಉಂಡೆ ನೋಡಿ ನಿಮಗೇ ಅಚ್ಚರಿಯಾಗಬಹುದು.

ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ತೇವದಿಂದ ಬಂದ ತುಕ್ಕು. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಬ್ರಷ್‌ನಿಂದ ಒರೆಸಿ ಪೂರ್ತಿ ಆರಲು ಬಿಡಿ. ಟ್ಯಾಬ್ ತಾನೇ ನೀರಿನ ಹನಿಯ ಚಿಹ್ನೆ ತೋರಿಸಿ ಚಾರ್ಜ್ ನಿಲ್ಲಿಸಿದ್ದರೆ ಅದರ ಮಾತು ಕೇಳಿ: ಪೋರ್ಟ್ ಕೆಳಮುಖವಾಗಿ, ಗಾಳಿ ಆಡುವಲ್ಲಿ ಇಡಿ. ಅಕ್ಕಿಯಲ್ಲಿ ಹೂಳುವ ಪದ್ಧತಿಯಿಂದ ಲಾಭವಿಲ್ಲ. ಅಕ್ಕಿಯ ಪುಡಿ, ಗಂಜಿಯ ಅಂಶ ಪೋರ್ಟಿಗೆ ಹೋಗುವುದೊಂದೇ ಲಾಭ!

ಒಂದು ಕೋನದಲ್ಲಿ ಬಗ್ಗಿಸಿ ಹಿಡಿದರೆ ಮಾತ್ರ ಚಾರ್ಜ್ ಆಗುವುದು, ಕೈ ಬಿಟ್ಟರೆ ನಿಲ್ಲುವುದು ಕಂಡರೆ ಪೋರ್ಟ್ ಬೋರ್ಡಿನಿಂದ ಸಡಿಲಾಗಿದೆ, ಬೆಸುಗೆ ಬಿರುಕು ಬಿಟ್ಟಿದೆ. ಮೈಕ್ರೋ-ಯುಎಸ್‌ಬಿ ಪೋರ್ಟ್‌ಗಳಲ್ಲಿ ಇದು ತೀರಾ ಮಾಮೂಲು. ರಬ್ಬರ್ ಬ್ಯಾಂಡ್ ಕಟ್ಟಿ ಬಗ್ಗಿಸಿಟ್ಟು ದಿನ ದೂಡುವವರಿದ್ದಾರೆ. ಬಿರುಕಿನಲ್ಲಿ ಕರೆಂಟು ಕಿಡಿ ಹಾರಿಸುತ್ತಾ ಬಿಸಿಯಾಗಿ ಪೋರ್ಟ್ ಕರಗಿದ್ದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಟ್ಯಾಬ್‌ಗಳಲ್ಲಿ ಪೋರ್ಟ್ ಪ್ರತ್ಯೇಕ ಚಿಕ್ಕ ಬೋರ್ಡಿನ ಮೇಲಿರುತ್ತದೆ, ಅದನ್ನಷ್ಟೇ ಬದಲಿಸಿದರೆ ಮುಗಿಯಿತು. ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಕೈ ಪಳಗಿದ ಮೆಕ್ಯಾನಿಕ್ ಬೇಕು.

ಕೀಬೋರ್ಡ್ ಸಿಕ್ಕಿಸುವ ಲೋಹದ ಚುಕ್ಕೆಗಳೋ, ಮ್ಯಾಗ್ನೆಟಿನ ಬೇರೊಂದು ಚಾರ್ಜಿಂಗ್ ಪಟ್ಟಿಯೋ ಇರುವ ಟ್ಯಾಬ್ ಆದರೆ ನೀವು ಅದೃಷ್ಟವಂತರು. ಐಪ್ಯಾಡ್ ಪ್ರೊಗೆ ಮ್ಯಾಜಿಕ್ ಕೀಬೋರ್ಡಿನ ಪೋರ್ಟಿನಿಂದಲೂ ಚಾರ್ಜ್ ಕೊಡಬಹುದು. ಸರ್ಫೇಸ್ ಟ್ಯಾಬ್‌ಗಳಲ್ಲಿ ಹಲವಕ್ಕೆ ಸರ್ಫೇಸ್ ಕನೆಕ್ಟ್ ಎಂಬ ಮ್ಯಾಗ್ನೆಟ್ ಪೋರ್ಟ್ ಮತ್ತು ಟೈಪ್-ಸಿ ಎರಡೂ ಇವೆ. ಒಂದು ದಾರಿಯಲ್ಲಿ ಆಗುತ್ತದೆ, ಇನ್ನೊಂದರಲ್ಲಿ ಇಲ್ಲ ಎಂದಾದರೆ ಬ್ಯಾಟರಿಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿ.

ಬಿಸಿ, ಚಳಿ, ಸೆಟ್ಟಿಂಗ್

ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಹುದಾದ ತಾಪಮಾನ ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ, ದಪ್ಪ ಕವರಿನೊಳಗೆ ಆಟ ಆಡುತ್ತಾ ಚಾರ್ಜಿಗೆ ಹಾಕಿದರೆ ಟ್ಯಾಬ್ ತಾನೇ ಚಾರ್ಜ್ ನಿಲ್ಲಿಸುತ್ತದೆ. ಕವರ್ ತೆಗೆದು ಅರ್ಧ ಗಂಟೆ ನೆರಳಲ್ಲಿಡಿ. ಫ್ರಿಜ್‌ನಲ್ಲಲ್ಲ, ಒಳಗೆ ಬೆವರುತ್ತದೆ.

80 ಅಥವಾ 85ಕ್ಕೆ ಬಂದು ನಿಂತುಬಿಟ್ಟಿದೆ ಎಂದು ಗಾಬರಿಯಾದವರು ಮೊದಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ನೋಡಿ. ಅದು ದೋಷವಲ್ಲ, ಬ್ಯಾಟರಿ ಬಾಳಿಕೆ ಹೆಚ್ಚಿಸಲು ಹಾಕಿದ ಮಿತಿ. ರಾತ್ರಿ ಬೆಳಗಾಗುವುದರಲ್ಲಿ ಚಾರ್ಜ್ ಖಾಲಿಯಾಗುತ್ತಿದ್ದರೆ ಆಂಡ್ರಾಯ್ಡ್ ಟ್ಯಾಬನ್ನು ಒಂದು ರಾತ್ರಿ, ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸೇಫ್ ಮೋಡ್‌ನಲ್ಲಿಟ್ಟು ನೋಡಿ. ಆಗ ಉಳಿದರೆ ಯಾವುದೋ ಆ್ಯಪ್ ಹೀರುತ್ತಿದೆ.

ಚಾರ್ಜರ್ ಎಳೆದರೆ ಆಫ್

ಈಗ ಬ್ಯಾಟರಿಯ ಸರದಿ. ಶೇಕಡಾ 60 ತೋರಿಸುತ್ತದೆ, ಚಾರ್ಜರ್ ತೆಗೆದ ತಕ್ಷಣ ಕಪ್ಪು. ಬ್ಯಾಟರಿಯಲ್ಲಿ ಚಾರ್ಜ್ ಇದ್ದೂ ಹೀಗೇಕೆ?

ಸೆಲ್ ಹಳತಾದಂತೆ ಅದರ ಒಳಪ್ರತಿರೋಧ ಏರುತ್ತದೆ. ಅದು 0.3 ಓಮ್ ಆಗಿದೆ ಎಂದುಕೊಳ್ಳಿ. ಸುಮ್ಮನಿದ್ದಾಗ ಬ್ಯಾಟರಿ 3.7 ವೋಲ್ಟ್ ತೋರಿಸುತ್ತದೆ, ಅದು ಇನ್ನೂ ಚಾರ್ಜ್ ಇರುವ ಲಕ್ಷಣವೇ. ಆದರೆ ಪರದೆ, ಪ್ರೊಸೆಸರ್, ವೈಫೈ ಒಟ್ಟಿಗೆ ಎದ್ದು 2 ಆಂಪಿಯರ್ ಕೇಳಿದಾಗ 0.6 ವೋಲ್ಟ್ ಒಳಗೇ ಕರಗಿ, ಬೋರ್ಡಿಗೆ ಸಿಗುವುದು 3.1. ಟ್ಯಾಬ್ ಅದನ್ನು "ಬ್ಯಾಟರಿ ಮುಗಿಯಿತು" ಎಂದು ಓದಿ ಆಫ್ ಆಗುತ್ತದೆ. ಲೋಗೋ ಬರುವುದು, ಆಫ್ ಆಗುವುದು, ಮತ್ತೆ ಲೋಗೋ ಬರುವುದು ಎಂಬ ಸುತ್ತಾಟದ ಹಿಂದೆಯೂ ಅನೇಕ ಸಲ ಇದೇ ಕಾರಣ. ಪರದೆಯ ಬೆಳಕು ಪೂರ್ತಿ ತಗ್ಗಿಸಿ, ಏರೋಪ್ಲೇನ್ ಮೋಡ್ ಹಾಕಿ ಚಾರ್ಜರ್ ತೆಗೆಯಿರಿ. ಹಾಗೆ ಮಾಡಿದಾಗ ನಿಂತು, ಕ್ಯಾಮೆರಾ ತೆರೆದ ಕೂಡಲೇ ಸತ್ತರೆ ಸೆಲ್ ಮುದಿಯಾಗಿದೆ. ಏನು ಮಾಡಿದರೂ ಒಂದು ಕ್ಷಣವೂ ನಿಲ್ಲದಿದ್ದರೆ ಕನೆಕ್ಟರ್ ಬಿಟ್ಟುಕೊಂಡಿದೆ ಅಥವಾ ರಕ್ಷಣಾ ಬೋರ್ಡ್ ಸಂಪರ್ಕ ಕಡಿದಿದೆ. ಟ್ಯಾಬ್ ಬಿದ್ದ ಮರುದಿನದಿಂದ ಶುರುವಾದ ದೋಷವಾದರೆ ನಾನು ಕಣ್ಣು ಮುಚ್ಚಿ ಕನೆಕ್ಟರ್ ಎನ್ನುತ್ತೇನೆ.

40 ಇದ್ದದ್ದು ಒಮ್ಮೆಗೇ 5ಕ್ಕೆ ಜಿಗಿದರೆ ಚಾರ್ಜ್ ಎಷ್ಟಿದೆ ಎಂದು ಲೆಕ್ಕ ಇಡುವ ಚಿಪ್ (ಇದನ್ನೂ ಗೇಜ್ ಎನ್ನುತ್ತಾರೆ) ತಪ್ಪಿರಲೂಬಹುದು. ಒಮ್ಮೆ ಪೂರ್ತಿ ತುಂಬಿಸಿ, ತಾನಾಗಿ ಆಫ್ ಆಗುವವರೆಗೆ ಬಳಸಿ, ನಿಲ್ಲಿಸದೆ ಮತ್ತೆ 100 ಮಾಡಿ. ಸರಿಹೋಗದಿದ್ದರೆ ಅದನ್ನೇ ಪದೇಪದೇ ಮಾಡಬೇಡಿ. ಪೂರ್ತಿ ಬರಿದು ಮಾಡುವುದು ಸೆಲ್‌ಗೆ ಹಿತವಲ್ಲ. ವಿಂಡೋಸ್ ಟ್ಯಾಬ್‌ಗಳಲ್ಲಿ ಬ್ಯಾಟರಿ ರಿಪೋರ್ಟ್ ಎಂಬ ಸವಲತ್ತು ಮೊದಲಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡನ್ನೂ ಕೊಡುತ್ತದೆ. 2024ರ ಐಪ್ಯಾಡ್ ಪ್ರೊ, ಐಪ್ಯಾಡ್ ಏರ್‌ಗಳಿಂದೀಚೆಗೆ ಸೆಟ್ಟಿಂಗ್ಸ್‌ನಲ್ಲೇ ಬ್ಯಾಟರಿಯ ಆರೋಗ್ಯ ಕಾಣುತ್ತದೆ.

ಬಿಚ್ಚುವ ಧೈರ್ಯ ಇರುವವರಿಗೆ

ವಾರಂಟಿ ಇದ್ದರೆ ಇಲ್ಲೇ ನಿಲ್ಲಿಸಿ. ಇಲ್ಲದಿದ್ದರೂ ಅಂಟಿನಿಂದ ಕೂರಿಸಿದ ಗಾಜಿನ ಟ್ಯಾಬ್ ಬಿಚ್ಚಲು ಬಿಸಿ, ತೆಳು ಪ್ಲಾಸ್ಟಿಕ್ ಪಟ್ಟಿ, ಬೇಕಾದಷ್ಟು ಸಮಯ ಬೇಕು. ಅವಸರದವರ ಕೈಯಲ್ಲಿ ಗಾಜು ಒಡೆಯುತ್ತದೆ. ಬಿಚ್ಚುವಾಗ ಚಾರ್ಜ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ತೆರೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ಪ್ಲಾಸ್ಟಿಕ್ ಸಾಧನದಿಂದ.

ಬಿಡಿಸಿದ ಬ್ಯಾಟರಿಯ ಪ್ಲಸ್, ಮೈನಸ್‌ಗೆ ಮಲ್ಟಿಮೀಟರ್ ತಾಗಿಸಿ, ಎರಡು ಮೊನೆ ಒಂದಕ್ಕೊಂದು ಮುಟ್ಟದಂತೆ. ಒಂದೇ ಸೆಲ್‌ನ ಅಥವಾ ಸಮಾಂತರವಾಗಿ ಜೋಡಿಸಿದ ಪ್ಯಾಕ್ ಆಗಿದ್ದರೆ 3.6ರಿಂದ 4.2 ಬರಬೇಕು. ಸರಣಿಯಲ್ಲಿ ಎರಡು ಸೆಲ್ ಇರುವ ದೊಡ್ಡ ಟ್ಯಾಬ್‌ಗಳಲ್ಲಿ ಇದರ ಎರಡರಷ್ಟು; ಪ್ಯಾಕಿನ ಮೇಲೆ 7.4 ಅಥವಾ 7.6 ಎಂದು ಅಚ್ಚಾಗಿರುತ್ತದೆ. 3ಕ್ಕಿಂತ ಕಡಿಮೆ ಎಂದರೆ ಆಳವಾಗಿ ಬರಿದಾಗಿದೆ. ಸೊನ್ನೆ ಎಂದರೆ ರಕ್ಷಣಾ ಬೋರ್ಡ್ ಬಾಗಿಲು ಹಾಕಿದೆ, ಸೆಲ್‌ನಲ್ಲಿ ಇನ್ನೂ ಚಾರ್ಜ್ ಇರಲೂಬಹುದು. ಹಾಗೆಂದು ಹೊರಗಿನ ಬೇರೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು "ಎಬ್ಬಿಸುವ" ವಿಡಿಯೋಗಳನ್ನು ನೋಡಿ ಕೈಹಾಕಬೇಡಿ. 2 ವೋಲ್ಟಿಗಿಂತ ಕೆಳಗೆ ಬಹುಕಾಲ ಬಿದ್ದಿದ್ದ ಸೆಲ್‌ನ ಒಳಗೆ ತಾಮ್ರದ ಹಾಳೆ ಕರಗತೊಡಗಿರುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗಬಹುದು.

ಬ್ಯಾಟರಿಯಿಂದ ಬರುವ ತಂತಿ ಮೂರೋ ನಾಲ್ಕೋ ಇದ್ದರೆ ನಡುವಿನದು ಹೆಚ್ಚಾಗಿ ತಾಪಮಾನದ ತಂತಿ. ಅದಕ್ಕೂ ಮೈನಸ್‌ಗೂ ನಡುವೆ ಕೋಣೆಯ ತಾಪದಲ್ಲಿ ಹೆಚ್ಚಿನ ಪ್ಯಾಕ್‌ಗಳಲ್ಲಿ 10 ಕಿಲೋಓಮ್ ಆಸುಪಾಸು ಸಿಗುತ್ತದೆ, ಬೆರಳಿನಿಂದ ಸೆಲ್ ತುದಿ ಬೆಚ್ಚಗೆ ಮಾಡಿದರೆ ಇಳಿಯುತ್ತದೆ. ಈ ತಂತಿ ಕಡಿದಿದ್ದರೆ ಬ್ಯಾಟರಿ ವಿಪರೀತ ತಣ್ಣಗಿದೆ ಎಂದು ಐಸಿ ತಿಳಿದು ಚಾರ್ಜ್ ಕೊಡುವುದೇ ಇಲ್ಲ. ಇದ್ದ ಚಾರ್ಜ್ ಮುಗಿಯುವವರೆಗೆ ಟ್ಯಾಬ್ ಚೆನ್ನಾಗಿಯೇ ಓಡುತ್ತದೆ. ಒಳ್ಳೆಯ ಬ್ಯಾಟರಿಯನ್ನು ಎಸೆದು ಹೊಸದು ಹಾಕುವ ಎಷ್ಟೋ ಪ್ರಸಂಗಗಳ ಮೂಲ ಈ ಕೂದಲಿನಂಥ ತಂತಿ. ಡಿಜಿಟಲ್ ಗೇಜ್ ಇರುವ ಪ್ಯಾಕ್‌ಗಳಲ್ಲಿ ಮಾತ್ರ ಈ ಅಳತೆ ನಡೆಯದು.

ಬ್ಯಾಟರಿ ವೋಲ್ಟೇಜ್ ಸರಿ, ಪೋರ್ಟಿನ ಹಿಂಬದಿಯಲ್ಲಿ 5 ವೋಲ್ಟ್ ಬರುತ್ತಿದೆ, ಆದರೂ ಬ್ಯಾಟರಿ ಕನೆಕ್ಟರಿನ ಕಡೆ ಏನೂ ದಾಟುತ್ತಿಲ್ಲ ಎಂದರೆ ಉಳಿದದ್ದು ಚಾರ್ಜಿಂಗ್ ಐಸಿ ಅಥವಾ ಅದರ ಮುಂದಿನ ಫ್ಯೂಸ್. ಅಲ್ಲಿಂದ ಮುಂದೆ ಸೂಕ್ಷ್ಮದರ್ಶಕ ಮತ್ತು ಹಾಟ್ ಏರ್ ಇಟ್ಟುಕೊಂಡವರ ಕೆಲಸ. ಕೊಡುವಾಗ "ಚಾರ್ಜ್ ಆಗಲ್ಲ" ಎಂದಷ್ಟೇ ಹೇಳದೆ, ಮೀಟರ್‌ನಲ್ಲಿ ಎಷ್ಟು ಆಂಪಿಯರ್ ಬಂತು, ಯಾವ ಕೇಬಲ್‌ನಲ್ಲಿ, ಪಿನ್ ತಿರುಗಿಸಿದರೆ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಕೆಲಸ ಗೊತ್ತಿರುವವನಿಗೆ ಅಷ್ಟು ಸಾಕು. ಗೊತ್ತಿಲ್ಲದವನು ಚೀಟಿ ಓದದೆಯೇ "ಬ್ಯಾಟರಿ ಚೇಂಜ್ ಮಾಡ್ಬೇಕು" ಎನ್ನುತ್ತಾನೆ, ಟ್ಯಾಬ್ ವಾಪಸ್ ತೆಗೆದುಕೊಂಡು ಬನ್ನಿ.

ಹೊಸ ಬ್ಯಾಟರಿ ಹಾಕಿಸಿದ್ದೇ ಆದರೆ ಗಾಜು ಅಂಟಿಸುವ ಮೊದಲೇ ಮೀಟರ್ ಹಾಕಿ ಆಂಪಿಯರ್ ನೋಡಿಸಿಕೊಳ್ಳಿ. ಅರ್ಧ ತುಂಬಿದ ಬ್ಯಾಟರಿಗೆ ಒಂದೂವರೆ ಆಂಪಿಯರಿಗಿಂತ ಹೆಚ್ಚು ಇಳಿಯುತ್ತಿರಬೇಕು, ಚಾರ್ಜರ್ ಎಳೆದ ಮೇಲೆ ಪರದೆಯ ಬೆಳಕು ಪೂರ್ತಿ ಏರಿಸಿ ವಿಡಿಯೋ ಹಾಕಿದರೂ ನಿಂತಿರಬೇಕು. ಇವೆರಡೂ ಆದ ಮೇಲೆ ಅಂಟಿಸಲು ಹೇಳಿ.